ಜಾರುವುದು, ಹಾರುವುದು, ಕಳಚುವುದು

ಬೈಕ್ ಸರ್ವಿಸ್‌ಗೆ ಬಿಟ್ಟಾಗ ಕೈಗೆ ಕೊಡುವ ಜಾಬ್ ಕಾರ್ಡನ್ನು ಒಮ್ಮೆ ಗಮನವಿಟ್ಟು ಓದಿ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ, ಕನ್ನಡಿ ಎರಡೂ ಇವೆಯೇ, ಎಲ್ಲೆಲ್ಲಿ ಗೀರು ಬಿದ್ದಿದೆ ಎಂದು ಗುರುತು ಹಾಕಲು ಹತ್ತಾರು ಚೌಕಗಳಿರುತ್ತವೆ. ಗಾಡಿಗೆ ಏನಾಗಿದೆ ಎಂದು ಬರೆಯಲು ಇರುವುದು ಒಂದೆರಡು ಗೆರೆ. ಆ ಗೆರೆಯ ಮೇಲೆ ಬಹುತೇಕ ಸಲ ಬೀಳುವುದು ಎರಡೇ ಪದ: 'ಗೇರ್ ಪ್ರಾಬ್ಲಮ್'. ಗಾಡಿಯವನು ಐದು ನಿಮಿಷ ನಿಂತು, ಕೈಕಾಲು ಆಡಿಸಿ, ಬಾಯಲ್ಲಿ ಸದ್ದು ಮಾಡಿ ತೋರಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಒಳಗೆ ಪಾನಾ ಹಿಡಿದು ನಿಂತ ಹುಡುಗನಿಗೆ ತಲುಪುವುದು ಆ ಎರಡು ಪದ ಮಾತ್ರ.

ಎರಡು ಪದ ಓದಿದವನು ಏನು ಮಾಡಬೇಕು? ಗೇರ್ ಬಾಕ್ಸ್ ಬಿಚ್ಚುತ್ತಾನೆ. ಬಿಚ್ಚಿದ ಮೇಲೆ ಏನಾದರೂ ಬದಲಿಸಲೇಬೇಕು, ಬದಲಿಸುತ್ತಾನೆ. ಬಿಲ್ಲು ಐದಂಕಿಯ ಹತ್ತಿರ ಹೋಗುತ್ತದೆ. ಎರಡು ತಿಂಗಳಿಗೆ ಗಾಡಿ ಮತ್ತೆ ಅದೇ ರಾಗ ಹಾಡುತ್ತದೆ. ಆಗ 'ಈ ಮಾಡೆಲ್ಲೇ ಹಾಗೆ ಸಾರ್' ಎಂಬ ಸಮಾಧಾನ ಸಿಗುತ್ತದೆ.

ನನ್ನ ವಾದ ಇಷ್ಟೇ. ಗೇರ್ ನಿಲ್ಲದ ಬೈಕಿನಲ್ಲಿ ದುಬಾರಿಯಾದ ಕೆಲಸ ರಿಪೇರಿಯಾದರೂ ಮುಖ್ಯವಾದ ಕೆಲಸ ಪತ್ತೆ. ಆ ಪತ್ತೆಯ ಕೆಲಸವನ್ನು ಸರ್ವಿಸ್ ವ್ಯವಸ್ಥೆ ಕೈಬಿಟ್ಟಿದೆ. ಅದಕ್ಕೆ ದುಡ್ಡು ಕೊಡಲು ಗಿರಾಕಿಗಳೂ ತಯಾರಿಲ್ಲ. ಇಬ್ಬರ ಸೋಮಾರಿತನಕ್ಕೆ ದಂಡ ಕಟ್ಟುತ್ತಿರುವವನು ಬೈಕಿನ ಮೇಲೆ ಹೊಟ್ಟೆ ಹೊರೆಯುವ ಮನುಷ್ಯ.

ಸಾಹಿತ್ಯದ ಪತ್ರಿಕೆಯಲ್ಲಿ ಗೇರ್ ಬಾಕ್ಸಿನ ಮಾತು ಯಾಕೆ ಎಂದು ಕೇಳುವವರಿದ್ದೀರಿ. ಈ ರೋಗದ ಪತ್ತೆ ಶುರುವಾಗುವುದೇ ಕ್ರಿಯಾಪದದಿಂದ, ಅದಕ್ಕೆ.

ಪುಣೆಯ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕಲಬುರಗಿ, ವಿಜಯಪುರ ಸೀಮೆಯ ಮಿಸ್ತ್ರಿಗಳು ಇದ್ದಾರೆ. ಅವರ ಬಾಯಲ್ಲಿ ಮೂರು ಬೇರೆ ಬೇರೆ ಮಾತು ಕೇಳಿದ್ದೇನೆ. ಕ್ಲಚ್ ಜಾರುತ್ತದೆ. ಚೈನ್ ಹಾರುತ್ತದೆ. ಗೇರ್ ಕಳಚುತ್ತದೆ. ಸವಾರನಿಗೆ ಮೂರೂ ಒಂದೇ ಥರ ಅನ್ನಿಸಬಹುದು: ಆಕ್ಸಿಲರೇಟರ್ ತಿರುವಿದೆ, ಎಂಜಿನ್ ಕೂಗಿತು, ಗಾಡಿ ಮುಂದೆ ಹೋಗಲಿಲ್ಲ. ಆದರೆ ಮೂರರ ಜಾಗ ಬೇರೆ, ಖರ್ಚು ಬೇರೆ, ಅಪಾಯ ಬೇರೆ. ಈ ಮೂರನ್ನೂ 'ಗೇರ್ ಪ್ರಾಬ್ಲಮ್' ಎಂದು ಬರೆಯುವುದು, ಕೆಮ್ಮು, ಉಬ್ಬಸ, ಎದೆನೋವು ಮೂರಕ್ಕೂ 'ಎದೆ ಪ್ರಾಬ್ಲಮ್' ಎಂದು ಬರೆದು ಆಪರೇಷನ್ ಟೇಬಲ್ಲಿಗೆ ಕಳಿಸಿದ ಹಾಗೆ.

ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಯಾರೂ ಮನೆಯ ಮುಂದೆ ನಿಂತು ತಿಳಿಯಬಹುದಾದ ಸಂಗತಿ.

ಕ್ಲಚ್ ಜಾರುವಾಗ ಸದ್ದುಗದ್ದಲ ಇರುವುದಿಲ್ಲ. ಮೇಲಿನ ಗೇರಿನಲ್ಲಿ, ನಿಧಾನ ವೇಗದಲ್ಲಿ, ಏರಿನಲ್ಲಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ತಿರುವಿ ನೋಡಿ. ಎಂಜಿನ್ ವೇಗ ಏರುತ್ತ ಹೋಗುತ್ತದೆ, ಗಾಡಿಯ ವೇಗ ಏರುವುದಿಲ್ಲ. ಆಕ್ಸಿಲರೇಟರ್ ಇಳಿಸಿದ ಕೂಡಲೇ ಮತ್ತೆ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಕಾಲಿಗೆ ಕೆಲಸವೇ ಇಲ್ಲ. ಇದರ ಕಾರಣ ಕೇಬಲ್ಲಿಗೆ ಸಡಿಲ ಬಿಡದೆ ಬಿಗಿದಿರುವುದು ಇರಬಹುದು, ಪ್ಲೇಟು ಸವೆದಿರಬಹುದು, ಸ್ಪ್ರಿಂಗ್ ಸೋತಿರಬಹುದು. ಅಥವಾ ಯಾರೋ ಕಾರಿನ ಎಂಜಿನ್ ಆಯಿಲ್ ಸುರಿದಿರಬಹುದು. ನಮ್ಮ ಬಹುಪಾಲು ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿ ತಿರುಗುತ್ತದೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿರುತ್ತಾರೆ; ಅದು ಕ್ಲಚ್ ಪ್ಲೇಟುಗಳ ಹಿಡಿತವನ್ನೇ ತಿನ್ನುತ್ತದೆ. ಅದಕ್ಕೇ ಬೈಕಿನ ಆಯಿಲ್ ಡಬ್ಬಿಯ ಮೇಲೆ 'ಜಾಸೋ ಎಂಎ' ಎಂಬ ಗುರುತು ನೋಡಿ ಕೊಳ್ಳಬೇಕು. ಇಲ್ಲಿ ಗೇರ್ ಬಾಕ್ಸಿನ ತಪ್ಪೇನೂ ಇಲ್ಲ.

ಚೈನ್ ಹಾರುವಾಗ ಕಟಕಟ ಸದ್ದು, ಜೊತೆಗೆ ಕಾಲ ಕೆಳಗೆ ಒದ್ದಂಥ ಜಗ್ಗು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯ ಹಾಗೆ ಒಂದೇ ಕಡೆಗೆ ಬಾಗಿರುತ್ತವೆ. ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಬೆಳಕು ಕಂಡರೆ ಚೈನಿನ ಆಯುಷ್ಯ ಮುಗಿದಿದೆ. ನೋಡಲು ಅರ್ಧ ನಿಮಿಷ ಸಾಕು, ಎಂಜಿನ್ ಆರಿಸಿರಬೇಕು ಅಷ್ಟೇ.

ಗೇರ್ ಕಳಚುವುದು ಮಾತ್ರ ಬೇರೆಯೇ. 'ಧಡ್' ಎಂದು ಒಮ್ಮೆಲೇ ಬಿಡುತ್ತದೆ. ಎಂಜಿನ್ ಹಗ್ಗ ಹರಿದ ಹೋರಿಯ ಹಾಗೆ ಕಿರುಚುತ್ತದೆ. ಆಕ್ಸಿಲರೇಟರ್ ಇಳಿಸಿದರೂ ತಾನಾಗಿ ಹಿಡಿದುಕೊಳ್ಳುವುದಿಲ್ಲ. ಕಾಲಿನಿಂದ ಮತ್ತೆ ಗೇರ್ ಹಾಕಲೇಬೇಕು. ಆ ಕ್ಷಣದಲ್ಲಿ ಮೀಟರಿನ ಹಸಿರು ದೀಪ ನೋಡಿ. ನ್ಯೂಟ್ರಲ್ ದೀಪ ಹೊತ್ತಿಕೊಂಡಿದ್ದರೆ ಗಾಡಿ ನಿಜವಾದ ನ್ಯೂಟ್ರಲ್‌ಗೆ ಬಂದಿದೆ. ಹೊತ್ತದಿದ್ದರೆ ಎರಡು ಗೇರುಗಳ ನಡುವೆ, ಅತ್ತ ದರಿ ಇತ್ತ ಪುಲಿ ಎಂಬಂತೆ ನಿಂತಿದೆ. ಇಷ್ಟು ಹೇಳಬಲ್ಲ ಗಿರಾಕಿ ಮಿಸ್ತ್ರಿಯ ಅರ್ಧ ಕೆಲಸ ಮುಗಿಸಿದ ಹಾಗೆ. ಆದರೆ ಕೌಂಟರಿನಲ್ಲಿ ಇದನ್ನು ಕೇಳುವವರು ಯಾರು?

ಇನ್ನು ಒಳಗೆ ಹೋಗೋಣ. 'ಗೇರ್ ಹಲ್ಲು ಸವೆದಿದೆ ಸಾರ್, ಸೆಟ್ಟೇ ಹಾಕಬೇಕು' ಎಂಬ ಮಾತು ನೀವು ಕೇಳಿಯೇ ಇರುತ್ತೀರಿ. ಅದನ್ನು ಹೇಳಿದವರಿಗೆ ಒಂದು ಪ್ರಶ್ನೆ ಹಾಕಿ: ಯಾವ ಹಲ್ಲು? ಇಂದಿನ ಬೈಕಿನ ಗೇರ್ ಬಾಕ್ಸಿನಲ್ಲಿ ಗೇರ್ ಚಕ್ರಗಳ ಹಲ್ಲುಗಳು ಯಾವಾಗಲೂ ಒಂದರೊಳಗೊಂದು ಕೂತೇ ಇರುತ್ತವೆ. ನೀವು ಗೇರ್ ಬದಲಿಸಿದಾಗ ಅವು ಬಿಡುವುದೂ ಇಲ್ಲ, ಹೊಸದಾಗಿ ಕೂಡುವುದೂ ಇಲ್ಲ. ಕೂಡುವುದು ಗೇರಿನ ಪಕ್ಕೆಯಲ್ಲಿ ಎದ್ದು ನಿಂತ ದಪ್ಪ ಗೂಟಗಳು. ಗ್ಯಾರೇಜಿನಲ್ಲಿ ಅವಕ್ಕೆ ಡಾಗ್ ಎನ್ನುತ್ತಾರೆ. ಪಕ್ಕದ ಗೇರಿನ ಕಿಂಡಿಯೊಳಗೆ ಈ ಗೂಟಗಳು ಹೊಕ್ಕರೆ ಆ ಗೇರ್ ಬಿತ್ತು ಎಂದರ್ಥ. ಒಂದು ಗೇರನ್ನು ಪಕ್ಕಕ್ಕೆ ಸರಿಸುವುದು ಫೋರ್ಕ್, ಅಂದರೆ ಕವಲುಗೋಲು. ಫೋರ್ಕನ್ನು ಸರಿಸುವುದು ಡ್ರಮ್ಮಿನ ಮೇಲೆ ಕೊರೆದ ಹಾದಿ. ಡ್ರಮ್ಮು ತಿರುಗಿ ಒಂದೊಂದು ಗೇರಿನಲ್ಲಿ ಸ್ಥಿರವಾಗಿ ನಿಲ್ಲುವಂತೆ ಒತ್ತಿ ಹಿಡಿಯುವುದು ಅದರ ತುದಿಯ ನಕ್ಷತ್ರದಾಕಾರದ ಬಿಲ್ಲೆ ಮತ್ತು ಸ್ಪ್ರಿಂಗ್ ಹಾಕಿದ ಪುಟ್ಟ ರೋಲರ್. ಡ್ರಮ್ಮನ್ನು ತಿರುಗಿಸುವುದು ಶಿಫ್ಟ್ ಶಾಫ್ಟು, ಶಾಫ್ಟನ್ನು ತಿರುಗಿಸುವುದು ಹೊರಗಿನ ಲಿವರ್, ಲಿವರನ್ನು ಒತ್ತುವುದು ನಿಮ್ಮ ಕಾಲು.

ಕಾಲಿನಿಂದ ಗೂಟದವರೆಗೆ ಆರೇಳು ಕೈ ದಾಟಿ ಹೋಗುವ ಸುದ್ದಿ ಇದು. ಇವುಗಳಲ್ಲಿ ಯಾವ ಕೈ ಸಡಿಲವಾದರೂ ಸವಾರನಿಗೆ ಅನುಭವವಾಗುವುದು ಒಂದೇ: ಗೇರ್ ನಿಲ್ಲುತ್ತಿಲ್ಲ. ಹಾಗಿರುವಾಗ ಕೊನೆಯ ಕೈಯನ್ನೇ ಮೊದಲು ಕತ್ತರಿಸುವುದು ಯಾವ ನ್ಯಾಯ?

ಸರಿಯಾದ ಪ್ರಶ್ನೆಗಳು ನಾಲ್ಕೈದೇ ಇವೆ. ಅವಕ್ಕೆ ಯಂತ್ರ ಬೇಡ, ಲ್ಯಾಪ್‌ಟಾಪ್ ಬೇಡ.

ಮೊದಲನೆಯದು: ಎಲ್ಲ ಗೇರಿನಲ್ಲೂ ಕಳಚುತ್ತದೆಯೋ, ಒಂದರಲ್ಲಿ ಮಾತ್ರವೋ? ಎಲ್ಲದರಲ್ಲೂ ಆದರೆ ಎಲ್ಲ ಗೇರಿಗೂ ಸೇರಿದ ಭಾಗವನ್ನು ಅನುಮಾನಿಸಬೇಕು: ಲಿವರ್, ಅದರ ಬೋಲ್ಟು, ಶಾಫ್ಟಿನ ವಾಪಸಾತಿ ಸ್ಪ್ರಿಂಗ್, ನಕ್ಷತ್ರದ ಬಿಲ್ಲೆ, ರೋಲರಿನ ಸ್ಪ್ರಿಂಗ್. ಎಲ್ಲ ಗೇರುಗಳ ಗೂಟಗಳೂ ಮಾತಾಡಿಕೊಂಡು ಒಂದೇ ದಿನ ಸವೆಯುವುದಿಲ್ಲ. ಒಂದೇ ಗೇರಿನಲ್ಲಿ ಆದರೆ ಆ ಗೇರಿನ ಗೂಟ, ಕಿಂಡಿ. ಎರಡು ಗೇರುಗಳಲ್ಲಿ ಆದರೆ ಆ ಎರಡನ್ನೂ ಒಂದೇ ಫೋರ್ಕ್ ನಡೆಸುತ್ತದೆಯೇ ಎಂದು ಮ್ಯಾನ್ಯುಯಲ್ ತೆಗೆದು ನೋಡಬೇಕು. ಹೌದಾದರೆ ಬೆರಳು ಆ ಫೋರ್ಕಿನ ಕಡೆಗೆ ತಿರುಗುತ್ತದೆ.

ಎರಡನೆಯದು: ಎಂಜಿನ್ ಎಳೆಯುವಾಗ ಕಳಚುತ್ತದೆಯೋ, ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗಲೋ? ಗೂಟಕ್ಕೆ ಎರಡು ಮುಖ. ಎಳೆಯುವಾಗ ಭಾರ ಬೀಳುವುದು ಒಂದು ಮುಖದ ಮೇಲೆ, ಎಂಜಿನ್ನೇ ಬ್ರೇಕಿನ ಹಾಗೆ ಹಿಡಿಯುವಾಗ ಇನ್ನೊಂದರ ಮೇಲೆ. ಒಂದು ಸವೆದು ಇನ್ನೊಂದು ಹೊಸದರಂತೆ ಇರಬಹುದು. ಎಳೆತದಲ್ಲಿ ಮಾತ್ರ ಕಳಚುತ್ತದೆ ಎಂದು ಗಿರಾಕಿ ಹೇಳಿದರೆ ಯಾವ ಮುಖವನ್ನು ಭೂತಗನ್ನಡಿಯಲ್ಲಿ ನೋಡಬೇಕು ಎಂಬುದೂ ಗೊತ್ತಾದ ಹಾಗೆ.

ಮೂರನೆಯದು: ಕಾಲಿಗೆ ಲಿವರ್ ಹೇಗೆ ಅನ್ನಿಸುತ್ತದೆ? 'ಟಕ್' ಎಂದು ಬಿದ್ದು ಆಮೇಲೆ ಕಳಚುತ್ತದೆಯೋ, ಮೊದಲೇ ಮೆತ್ತಗೆ, ಬಿತ್ತೋ ಇಲ್ಲವೋ ಎಂಬಂತೆ ಇದೆಯೋ? ಟಕ್ ಎಂದು ಬಿದ್ದಮೇಲೂ ಭಾರಕ್ಕೆ ಕಳಚುವುದು ಒಳಗಿನ ಗೂಟದ ಕಾಯಿಲೆ. ಮೊದಲಿನಿಂದಲೇ ಮೆತ್ತಗಿದ್ದರೆ ಗೇರ್ ಪೂರ್ತಿ ಬಿದ್ದೇ ಇಲ್ಲ. ತಪ್ಪು ಹೊರಗಿನ ಕಡೆ ಇರುವ ಸಂಭವ ಹೆಚ್ಚು.

ನಾಲ್ಕನೆಯದು: ಇದು ಶುರುವಾಗುವ ಮುಂಚೆ ಗಾಡಿಗೆ ಏನು ಮಾಡಿಸಿದಿರಿ? ಹೊಸ ಲೆಗ್ ಗಾರ್ಡ್ ಹಾಕಿಸಿದ್ದರೆ ಲಿವರ್ ಮೇಲೆತ್ತುವಾಗ ಅದಕ್ಕೆ ತಾಗುತ್ತಿರಬಹುದು. ಗಾಡಿ ಬಿದ್ದಿದ್ದರೆ ಲಿವರ್ ಬಾಗಿ ಎಂಜಿನ್ ಕವರಿಗೆ ಒರೆಸುತ್ತಿರಬಹುದು. ಗಟ್ಟಿ ಮುಂಗಾಲಿನ ಸೇಫ್ಟಿ ಶೂ ಹಾಕಿಕೊಳ್ಳಲು ಶುರುಮಾಡಿದ್ದರೆ ಅದರ ದಪ್ಪಕ್ಕೆ ಲಿವರ್ ಕೆಳಗೆ ಜಾಗವೇ ಸಾಲದೆ ಕಾಲು ಅರ್ಧಕ್ಕೇ ನಿಲ್ಲುತ್ತಿರಬಹುದು. ಕ್ಲಚ್ ಕೇಬಲ್ ಬದಲಿಸಿದ್ದರೆ ಸಡಿಲ ಜಾಸ್ತಿಯಾಗಿರಬಹುದು. ಎಷ್ಟೋ ಬೈಕುಗಳ ಮ್ಯಾನ್ಯುಯಲ್ ಹೇಳುವಂತೆ ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಕ್ಲಚ್ ಜಾರುತ್ತದೆ. ತೀರಾ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಅರ್ಧಕ್ಕೇ ಹೊಕ್ಕು ಹೊರಬೀಳುತ್ತದೆ. ಒಂದೇ ಕೇಬಲ್ಲು, ತದ್ವಿರುದ್ಧ ಎರಡು ರೋಗ. ಎರಡಕ್ಕೂ ಒಂದೇ ಜಾಬ್ ಕಾರ್ಡ್.

ಈಗ ಒಂದು ನಿಜ ಪ್ರಸಂಗ. ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಇಂಡಿ ತಾಲ್ಲೂಕಿನವನು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಅದೇ ಬೈಕಿನ ಮೇಲೆ ಮನೆಮನೆಗೆ ಪಾರ್ಸೆಲ್ ಹಾಕುತ್ತಾನೆ. ಗಾಡಿಯ ಗೇರ್ ಕಳಚತೊಡಗಿತು. ಒಂದು ಸರ್ವಿಸ್ ಸೆಂಟರಿಗೆ ಒಯ್ದ. ಇಂಡಿಯ ಕನ್ನಡದಲ್ಲಿ ಅವನು ವಿವರಿಸಬಲ್ಲದ್ದನ್ನೆಲ್ಲ ಹರಕು ಹಿಂದಿಯಲ್ಲಿ ಹೇಳಬೇಕಾಯಿತು: 'ಗೇರ್ ನಿಕಲ್ ಜಾತಾ ಹೈ ಸಾಬ್.' ಕೌಂಟರಿನ ಹುಡುಗ ಅದನ್ನು ಇಂಗ್ಲಿಷಿಗೆ ಇಳಿಸಿ 'ಗೇರ್ ಪ್ರಾಬ್ಲಮ್' ಎಂದು ಬರೆದ. ಎರಡು ಭಾಷೆ ದಾಟುವಷ್ಟರಲ್ಲಿ ರೋಗದ ಲಕ್ಷಣವೆಲ್ಲ ಸೋರಿಹೋಗಿತ್ತು. ಸಂಜೆಗೆ ಎಸ್ಟಿಮೇಟ್ ಬಂತು: ಎಂಜಿನ್ ಇಳಿಸಬೇಕು, ಕ್ರ್ಯಾಂಕ್‌ಕೇಸ್ ಹೋಳು ಮಾಡಬೇಕು, ಗೇರ್ ಸೆಟ್, ಫೋರ್ಕ್, ಪ್ಯಾಕಿಂಗ್, ಆಯಿಲ್, ಕೂಲಿ ಸೇರಿ 8,400 ರೂಪಾಯಿ. ಅವನ ಸಂಬಳದ ಅರ್ಧಕ್ಕಿಂತ ಹೆಚ್ಚು. ಗಾಡಿಯನ್ನು ಯಾರೂ ಒಂದು ಸುತ್ತು ಓಡಿಸಿ ನೋಡಿರಲಿಲ್ಲ.

ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದ. ಅವನನ್ನು ಪರಿಚಯದ ಮಿಸ್ತ್ರಿಯೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಕಲಬುರಗಿ ಕಡೆಯವರು, ಐವತ್ತು ದಾಟಿದವರು. ಅವರು ಪಾನಾ ಮುಟ್ಟಲಿಲ್ಲ. ಮೊದಲು ಕೇಳಿದ್ದು ಹೀಗೆ:

'ಒಂದ ಗೇರಿನಾಗ ಬಿಡ್ತದೋ ತಮ್ಮಾ, ಎಲ್ಲಾದ್ರಾಗೂನೋ?'

'ಎಲ್ಲಾದ್ರಾಗೂ ಅಣ್ಣಾ. ಮ್ಯಾಲಿನ ಗೇರ್ ಹಾಕುವಾಗ ಭಾಳ.'

'ಕಾಲಿಗಿ ಹ್ಯಾಂಗ ಹತ್ತತದ? ಟಕ್ಕಂತ ಬೀಳ್ತದ?'

'ಇಲ್ರೀ. ಮೆತ್ತಗ. ಬಿತ್ತೋ ಇಲ್ಲೋ ತಿಳಿಯಂಗಿಲ್ಲ.'

'ಮತ್ತ ಎಂಜಿನ್ ಯಾಕ ಇಳಸ್ತಿ?' ಎಂದರು.

ಪೇಪರಿಗೆ ಹಚ್ಚುವ ವೈಟ್ನರ್ ತರಿಸಿದರು. ಲಿವರ್ ಮತ್ತು ಅದು ಕೂತ ಶಾಫ್ಟಿನ ತುದಿ ಎರಡನ್ನೂ ಹಾಯ್ದು ಹೋಗುವಂತೆ ಒಂದು ಬಿಳಿ ಗೆರೆ ಎಳೆದರು. ಒಣಗಿದ ಮೇಲೆ ಲಿವರನ್ನು ಕೈಯಿಂದ ಎತ್ತಿದರು. ಲಿವರಿನ ಮೇಲಿನ ಗೆರೆ ಸರಿಯಿತು, ಶಾಫ್ಟಿನ ಮೇಲಿನ ಗೆರೆ ಇದ್ದಲ್ಲೇ ಇತ್ತು. ಲಿವರಿನ ಒಳಗಿನ ಸಣ್ಣ ಗೀರುಹಲ್ಲುಗಳು ತಿಂದುಹೋಗಿದ್ದವು. ಯಾರೋ ಬೋಲ್ಟನ್ನು ಬಿಗಿಯುತ್ತ ಬಿಗಿಯುತ್ತ ಲಿವರಿನ ಸೀಳು ಪೂರ್ತಿ ಮುಚ್ಚಿಹೋಗಿತ್ತು. ಇನ್ನು ಎಷ್ಟು ಬಿಗಿದರೂ ಹಿಡಿತ ಬರುವಂತಿರಲಿಲ್ಲ. ಕಾಲು ಒತ್ತಿದ್ದರಲ್ಲಿ ಒಂದು ಪಾಲು ಅಲ್ಲೇ ಖರ್ಚಾಗಿ, ಗೇರ್ ಒಳಗೆ ಅರ್ಧವೇ ಹೊಗುತ್ತಿತ್ತು. ಹೊಸ ಲಿವರ್, ಹೊಸ ಬೋಲ್ಟು, ಕೂಲಿ ಸೇರಿ 450 ರೂಪಾಯಿ. ಗಾಡಿ ಇವತ್ತೂ ಓಡುತ್ತಿದೆ.

ಇದನ್ನು ಹಳ್ಳಿಯ ಜಾಣ, ಪಟ್ಟಣದ ಕಳ್ಳ ಎಂಬ ನೀತಿಕತೆಯಾಗಿ ಓದಬೇಡಿ. ಆ ಸರ್ವಿಸ್ ಸೆಂಟರಿನ ಹುಡುಗರು ಕಳ್ಳರಲ್ಲ. ಆ ಮಿಸ್ತ್ರಿ ಪವಾಡಪುರುಷರೂ ಅಲ್ಲ. ಅವರು ಮಾಡಿದ್ದು ಎರಡೇ: ಕೇಳಿದರು, ಹೊರಗಿನಿಂದ ಒಳಕ್ಕೆ ಹೋದರು. ಮೊದಲು ಕೈಗೆ ಸಿಗುವ ಲಿವರ್, ಕೇಬಲ್ಲು. ಆಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಆರಿಸಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತ ಒಂದೊಂದೇ ಗೇರ್ ಹಾಕಿ ನೋಡುವುದು. ಆಮೇಲೆ ಆಯಿಲ್ ಇಳಿಸಿ ಬಟ್ಟೆಯಲ್ಲಿ ಸೋಸುವುದು. ನುಣ್ಣನೆ ಬೂದು ಪುಡಿ ಸಹಜ. ಅಂಚಿರುವ ಚೂರು ಸಿಕ್ಕರೆ ಒಳಗೆ ಗೂಟ ಮುರಿಯುತ್ತಿದೆ ಎಂಬ ಸೂಚನೆ. ಆಮೇಲೆ ಕ್ಲಚ್ ಕಡೆಯ ಕವರ್. ಎಷ್ಟೋ ಬೈಕುಗಳಲ್ಲಿ ನಕ್ಷತ್ರದ ಬಿಲ್ಲೆ, ರೋಲರ್, ಅದರ ಸ್ಪ್ರಿಂಗು ಆ ಕವರಿನ ಹಿಂದೆಯೇ ಸಿಗುತ್ತವೆ, ಎಂಜಿನ್ ಇಳಿಸಬೇಕಾಗಿಲ್ಲ. ಇಷ್ಟೆಲ್ಲ ಆದಮೇಲೂ ಉತ್ತರ ಸಿಗದಿದ್ದರೆ ಮಾತ್ರ ಕ್ರ್ಯಾಂಕ್‌ಕೇಸ್. ಈ ಅನುಕ್ರಮದಲ್ಲಿ ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ದುಬಾರಿ. ಮೊದಲ ಮೆಟ್ಟಿಲಲ್ಲೇ ಕೊನೆಯ ಮೆಟ್ಟಿಲಿನ ಬಿಲ್ಲು ಬರೆಯುವುದನ್ನು ನಾನು ಅನ್ಯಾಯ ಎನ್ನುತ್ತೇನೆ, ಬರೆದವನ ಮನಸ್ಸಿನಲ್ಲಿ ಮೋಸ ಇಲ್ಲದಿದ್ದರೂ.

'ಎಲ್ಲ ಲಿವರ್ ಸಡಿಲದ ಕತೆಯೇ ಆಗಿರುವುದಿಲ್ಲ, ಕೆಲವೊಮ್ಮೆ ಬಿಚ್ಚಲೇಬೇಕು' ಎನ್ನುವಿರಿ. ಒಪ್ಪುತ್ತೇನೆ. ಗೂಟಗಳ ಕತೆ ಕೇಳಿ. ಅನೇಕ ಗೇರುಗಳಲ್ಲಿ ಗೂಟದ ಮುಖವನ್ನು ನೆಟ್ಟಗೆ ಕತ್ತರಿಸದೆ ಸ್ವಲ್ಪ ಒಳಮುಖವಾಗಿ ಓರೆ ಮಾಡಿರುತ್ತಾರೆ. ಭಾರ ಬಿದ್ದಷ್ಟೂ ಗೂಟ ಕಿಂಡಿಯೊಳಕ್ಕೆ ತನ್ನನ್ನೇ ಎಳೆದುಕೊಳ್ಳಲಿ ಎಂದು. ಅದರ ಮೂಲೆ ದುಂಡಗಾದರೆ ಕೆಲಸ ಉಲ್ಟಾ ಆಗುತ್ತದೆ: ಭಾರ ಬಿದ್ದಷ್ಟೂ ಗೂಟ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯುವ ಪಾಡು ಬಡಪಾಯಿ ಫೋರ್ಕಿಗೆ. ಫೋರ್ಕ್ ಇರುವುದು ಗೇರನ್ನು ಸರಿಸಿ ಸುಮ್ಮನಿರಲಿಕ್ಕೆ, ಭಾರ ಹೊರಲಿಕ್ಕಲ್ಲ. ಅದು ಉಜ್ಜಿ, ಕಾದು, ನೀಲಿಗಟ್ಟಿ, ಬಾಗುತ್ತದೆ. ಬಿಚ್ಚಿದವನ ಕಣ್ಣಿಗೆ ಮೊದಲು ಬೀಳುವುದು ಈ ಬಾಗಿದ ಫೋರ್ಕು. 'ಸಿಕ್ಕಿತು' ಎಂದು ಅದೊಂದನ್ನೇ ಬದಲಿಸಿ ಮುಚ್ಚುತ್ತಾನೆ. ದುಂಡಗಾದ ಗೂಟ ಒಳಗೇ ಉಳಿಯುತ್ತದೆ, ಹೊಸ ಫೋರ್ಕನ್ನೂ ತಿನ್ನುತ್ತದೆ. ಪತ್ತೆ ಇಲ್ಲದೆ ಬಿಚ್ಚಿದರೂ ದಂಡವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗೂಟ ದುಂಡಗಾಗುವುದಾದರೂ ಹೇಗೆ? ಅರ್ಧಂಬರ್ಧ ಬಿದ್ದ ಗೇರಿನಿಂದ. ಮೊದಲನೆಯದು ಕೆಳಗೆ, ಉಳಿದವು ಮೇಲೆ ಇರುವ ಬೈಕುಗಳಲ್ಲಿ ಎರಡನೇ ಗೇರ್ ಹೆಚ್ಚಾಗಿ ಸಾಯುವುದು ಇದಕ್ಕೇ: ಮೊದಲನೆಯದರಿಂದ ಎರಡಕ್ಕೆ ಹೋಗುವಾಗ ನಡುವೆ ನ್ಯೂಟ್ರಲ್ ದಾಟಬೇಕು, ಕಾಲು ಅರೆಮನಸ್ಸಿನಲ್ಲಿ ಎತ್ತಿದರೆ ಗೂಟದ ಮೂಲೆಗೆ ಮೂಲೆ ಬಡಿಯುತ್ತದೆ. ಈಗ ಆ ಸಡಿಲ ಲಿವರನ್ನು ನೆನೆಯಿರಿ. ಅದನ್ನು ಪತ್ತೆ ಮಾಡದೆ ಇನ್ನೊಂದು ವರ್ಷ ಓಡಿಸಿದ್ದರೆ ಗೂಟಗಳೂ ಹೋಗುತ್ತಿದ್ದವು. ಆಗ 8,400ರ ಎಸ್ಟಿಮೇಟ್ ನಿಜವಾಗುತ್ತಿತ್ತು. 450ರ ರೋಗವನ್ನು ಗಮನಿಸದೆ ಬಿಟ್ಟರೆ ಅದೇ ಬೆಳೆದು ಸಾವಿರಗಳ ರೋಗವಾಗುತ್ತದೆ.

ಇನ್ನೊಂದು ಬದಿಯ ಮೂಢನಂಬಿಕೆಯನ್ನೂ ಬಿಡುವುದಿಲ್ಲ. 'ದಪ್ಪ ಆಯಿಲ್ ಹಾಕಿ, ನಿಂತುಹೋಗುತ್ತದೆ', 'ಗೇರ್ ಹಾಕಿದ ಮೇಲೆ ಕಾಲನ್ನು ಲಿವರ್ ಮೇಲೇ ಒತ್ತಿಟ್ಟುಕೊಳ್ಳಿ' ಎಂಬ ಸಲಹೆಗಳು ಧಾರಾಳವಾಗಿ ಸಿಗುತ್ತವೆ. ದುಂಡಗಾದ ಲೋಹವನ್ನು ಯಾವ ಆಯಿಲೂ ಮತ್ತೆ ಚೂಪು ಮಾಡುವುದಿಲ್ಲ. ಕಾಲು ಒತ್ತಿಟ್ಟುಕೊಂಡರೆ ಆ ಒತ್ತಡವೂ ಹೋಗಿ ಕೂರುವುದು ಅದೇ ಫೋರ್ಕಿನ ಮೇಲೆ. ಪುಣೆಯಿಂದ ಸಾತಾರಾಕ್ಕೆ ಹೋಗುವ ಖಂಬಾಟ್ಕಿ ಘಾಟಿನಲ್ಲಿ ಲಾರಿಯನ್ನು ಹಿಂದೆ ಹಾಕುವ ಅರ್ಧ ದಾರಿಯಲ್ಲಿ ಗೇರ್ ಕಳಚಿದರೆ ಏನಾಗುತ್ತದೆ ಎಂದು ಯೋಚಿಸಿ. ಎಡಕ್ಕೆ ಲಾರಿ, ಹಿಂದೆ ಬಸ್ಸು, ಚಕ್ರಕ್ಕೆ ಎಳೆತವಿಲ್ಲ. 'ಹೊಂದಿಸಿಕೊಂಡು ಓಡಿಸಿ' ಎನ್ನುವವರು ಆ ಸೀಟಿನಲ್ಲಿ ಕೂತಿರುವುದಿಲ್ಲ.

ಈ ಪತ್ತೆಯ ವಿದ್ಯೆ ಹೊಸದೂ ಅಲ್ಲ. ಹಳೆಯ ನಾಲ್ಕು ಗೇರಿನ, ಬಲಗಾಲಿನ ಬುಲೆಟ್ ಓಡಿಸಿದವರನ್ನು ಕೇಳಿ. ಗೇರುಗಳ ನಡುವಿನ ಸುಳ್ಳು ನ್ಯೂಟ್ರಲ್‌ಗೆ ಅದು ಹೆಸರಾಗಿತ್ತು. ಬಲ್ಲವರು ಗೇರ್ ಬಾಕ್ಸಿನ ಒಳಗೆ ಕೈ ಹಾಕುವ ಮೊದಲು ಕಾಲಿನ ಲಿವರ್ ಎಷ್ಟು ದೂರ ಹೋಗಬೇಕೆಂದು ನಿರ್ಧರಿಸುವ ತಗಡಿನ ಪಟ್ಟಿಯನ್ನು ಒಂದಿಷ್ಟು ಸರಿಸಿ ನೋಡುತ್ತಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನೇ ತೆಗೆದುಕೊಳ್ಳಿ. ಅಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್. ಕಾಲಲ್ಲಿ ಲಿವರ್ ಒತ್ತಿದರೆ ಒಳಗೆ ಕ್ಲಚ್ಚೂ ತಾನಾಗಿ ಬಿಡುವ ಏರ್ಪಾಡಿತ್ತು. ಹೀಗಾಗಿ ಗೇರಿನ ದೂರು ಬಂದರೆ ಕ್ಲಚ್ಚಿನ ಹೊಂದಾಣಿಕೆಯನ್ನು ನೋಡದೆ ಮುಂದೆ ಹೋಗುವಂತಿರಲಿಲ್ಲ. ಒಂದರ ತಪ್ಪು ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ಪಾಠವನ್ನು ಆ ಗಾಡಿಗಳು ತಮ್ಮ ರಚನೆಯಿಂದಲೇ ಕಲಿಸುತ್ತಿದ್ದವು.

ಹಾಗಾದರೆ ವಿದ್ಯೆ ಇದ್ದೂ ಯಾಕೆ ಬಳಕೆಯಲ್ಲಿಲ್ಲ? ಇಲ್ಲಿಗೆ ಬಂದಾಗ ನನ್ನ ಸಿಟ್ಟು ಕೌಂಟರಿನಿಂದ ಈಚೆ, ಗಿರಾಕಿಯ ಕಡೆಗೆ ತಿರುಗುತ್ತದೆ. ಅದರಲ್ಲೂ ನಮ್ಮ ಐಟಿ ವರ್ಗದ ಕಡೆಗೆ.

ನಮ್ಮ ಕಂಪನಿಗಳಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತು. ಗಿರಾಕಿಗೆ ಏನು ಬೇಕೆಂದು ಕೇಳಿ ತಿಳಿಯುವುದಕ್ಕೇ ಆರು ವಾರ ತೆಗೆದುಕೊಳ್ಳುತ್ತೇವೆ. ಅದಕ್ಕೆ 'ಡಿಸ್ಕವರಿ' ಎಂದು ಹೆಸರಿಟ್ಟು ಡಾಲರಿನಲ್ಲಿ ಬಿಲ್ ಹಾಕುತ್ತೇವೆ. ಇನ್ನೂ ಒಂದು ಸಾಲು ಕೋಡ್ ಬರೆದಿರುವುದಿಲ್ಲ. ಅದರಲ್ಲಿ ತಪ್ಪಿಲ್ಲ, ಕೇಳಿ ತಿಳಿಯುವುದೂ ಕೆಲಸವೇ. ಅದೇ ಮನುಷ್ಯ ಶನಿವಾರ ಗ್ಯಾರೇಜಿಗೆ ಹೋಗಿ, ಮಿಸ್ತ್ರಿ ಇಪ್ಪತ್ತು ನಿಮಿಷ ಗಾಡಿ ಓಡಿಸಿ ನೋಡಿ 'ಬೋಲ್ಟು ಸಡಿಲ ಇತ್ತು, 200 ಕೊಡಿ' ಎಂದರೆ, 'ಒಂದು ಬೋಲ್ಟು ಬಿಗಿಯೋಕೆ 200 ಆ?' ಎನ್ನುತ್ತಾನೆ. 6,000 ರೂಪಾಯಿಯ ಗೇರ್ ಸೆಟ್ಟಿನ ಬಿಲ್ಲಿಗೆ ಮಾತ್ರ ತುಟಿ ಪಿಟಕ್ಕೆನ್ನದೆ ಕಾರ್ಡ್ ಉಜ್ಜುತ್ತಾನೆ. ಡಬ್ಬಿಯಲ್ಲಿ ಬರುವ ವಸ್ತುವಿಗೆ ಬೆಲೆ ಇದೆ, ತಲೆಯಲ್ಲಿರುವ ತಿಳಿವಳಿಕೆಗೆ ಇಲ್ಲ ಎಂದು ಹೀಗೆ ದಿನಾ ಹೇಳುತ್ತಿದ್ದರೆ ಮಿಸ್ತ್ರಿ ಏನು ಕಲಿಯಬೇಕು? ಡಬ್ಬಿ ಮಾರುವುದನ್ನು ಕಲಿಯುತ್ತಾನೆ. ಸರ್ವಿಸ್ ಸೆಂಟರಿನವರು ನೇರವಾಗಿಯೇ ಹೇಳುತ್ತಾರೆ: 'ಟೆಸ್ಟ್ ರೈಡಿಗೆ ಯಾರೂ ದುಡ್ಡು ಕೊಡಲ್ಲ ಸಾರ್, ಪಾರ್ಟ್ ಹಾಕಿದರೆ ಕೊಡುತ್ತಾರೆ.' ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಅವರು ಹೇಳುತ್ತಿರುವುದು ಸತ್ಯ.

ನಮ್ಮ ಆಫೀಸುಗಳಲ್ಲಿ 'ಐದು ಯಾಕೆ' ಎಂಬ ಮಂತ್ರ ಜಪಿಸುವವರಿದ್ದಾರೆ. ಟೊಯೋಟಾದ ತೈಚಿ ಓನೋ ತಮ್ಮ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ಅವರಿಗೆ ಬಾಯಿಪಾಠ. ಯಂತ್ರ ಯಾಕೆ ನಿಂತಿತು? ಫ್ಯೂಸ್ ಹೋಯಿತು. ಯಾಕೆ ಹೋಯಿತು? ಬೇರಿಂಗಿಗೆ ಎಣ್ಣೆ ಸಾಲದೆ ಭಾರ ಹೆಚ್ಚಾಯಿತು. ಎಣ್ಣೆ ಯಾಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತಲಿಲ್ಲ. ಯಾಕೆ? ಪಂಪಿನ ಶಾಫ್ಟು ಸವೆದಿತ್ತು. ಅದ್ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಹೋಗಿತ್ತು. ಫ್ಯೂಸ್ ಮಾತ್ರ ಬದಲಿಸಿದ್ದರೆ ಯಂತ್ರ ಮತ್ತೆ ನಿಲ್ಲುತ್ತಿತ್ತು. ಬಾಗಿದ ಫೋರ್ಕಿನ ಕತೆಯೂ ಅಕ್ಷರಶಃ ಇದೇ ಅಲ್ಲವೇ? ಸೋಮವಾರ ಸ್ಲೈಡಿನಲ್ಲಿ ಓನೋ ಹೆಸರು ಹಾಕಿ, ಶನಿವಾರ ಗ್ಯಾರೇಜಿನಲ್ಲಿ 'ಬೇಗ ಏನಾದರೂ ಬದಲಿಸಿ ಕೊಡಪ್ಪಾ, ಟೈಮಿಲ್ಲ' ಎನ್ನುವವನಿಗೆ ಓನೋ ಅರ್ಥವಾಗಿಲ್ಲ. ಆ ಕಲಬುರಗಿಯ ಮಿಸ್ತ್ರಿ ಓನೋ ಹೆಸರು ಕೇಳಿಲ್ಲದಿರಬಹುದು, ಅವರ ದಾರಿಯಲ್ಲಿ ನಡೆಯುತ್ತಿರುವವರು ಅವರೇ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಸರ್ವಿಸ್ ಸೆಂಟರುಗಳು ದೂರನ್ನು ಗಿರಾಕಿಯ ಮಾತಿನಲ್ಲೇ, ಅವನ ಭಾಷೆಯಲ್ಲೇ ಬರೆದುಕೊಳ್ಳಲಿ. ಬರೆಯಲಾಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಒಳಗಿನ ಮೆಕ್ಯಾನಿಕ್‌ಗೆ ಕೇಳಿಸಲಿ. ಪತ್ತೆಗೆಂದು ಬೇರೆ ದರ ಇಡಲಿ, ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಲಿ. ಕ್ರ್ಯಾಂಕ್‌ಕೇಸ್ ಬಿಚ್ಚುವ ಎಸ್ಟಿಮೇಟಿನ ಜೊತೆಗೆ ಲಿವರ್, ಕೇಬಲ್, ಆಯಿಲ್, ರೋಲರ್ ನೋಡಿದೆವೇ, ಏನು ಕಂಡಿತು ಎಂದು ನಾಲ್ಕು ಸಾಲು ಕೊಡಲಿ. ತೆಗೆದ ಹಳೆಯ ಭಾಗವನ್ನು ಗಿರಾಕಿಯ ಕೈಗಿಟ್ಟು, ಇಗೋ ಇಲ್ಲಿ ದುಂಡಗಾಗಿದೆ ಎಂದು ಬೆರಳಿಟ್ಟು ತೋರಿಸಲಿ. ತೋರಿಸಲಾಗದ ಭಾಗಕ್ಕೆ ದುಡ್ಡು ಕೇಳದಿರಲಿ.

ಗಿರಾಕಿಗಳಿಗೂ ಒಂದು ಬೇಡಿಕೆಯಿದೆ. ಆ ಪತ್ತೆಯ ದರವನ್ನು ಚೌಕಾಸಿ ಮಾಡದೆ ಕೊಡಿ. ಬೋಲ್ಟು ಬಿಗಿದದ್ದಕ್ಕೆ 10 ರೂಪಾಯಿ, ಯಾವ ಬೋಲ್ಟು ಎಂದು ತಿಳಿದದ್ದಕ್ಕೆ 190 ಎಂದುಕೊಳ್ಳಿ. ಗಾಡಿ ಒಯ್ಯುವ ಮೊದಲು ನಿಮ್ಮ ದೂರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಗೇರು, ಎಳೆಯುವಾಗಲೋ ಬಿಟ್ಟಾಗಲೋ, ಕಾಲಿಗೆ ಹೇಗೆ, ಯಾವತ್ತಿನಿಂದ, ಅದಕ್ಕೂ ಮುಂಚೆ ಏನು ಮಾಡಿಸಿದ್ದಿರಿ. ನಿಮ್ಮ ಕಟ್ಟಡದ ವಾಚ್‌ಮನ್, ಡೆಲಿವರಿ ಹುಡುಗ, ಪೇಪರ್ ಹಾಕುವವನು ಎಸ್ಟಿಮೇಟ್ ಹಿಡಿದು ನಿಂತಿದ್ದರೆ ಅವನ ಚೀಟಿಯನ್ನೂ ನೀವೇ ಬರೆದುಕೊಡಿ. ಪರಊರಿನಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಬಲ್ಲ ಕನ್ನಡಿಗ, ಅವು ಬಾರದ ಕನ್ನಡಿಗನಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದು ಸಣ್ಣದೇನಲ್ಲ. ಎಂಟು ಸಾವಿರ ಉಳಿದರೆ ಅವನ ಮಕ್ಕಳ ಸ್ಕೂಲ್ ಫೀ ಕಟ್ಟಬಹುದು.

ಗೇರ್ ಕಳಚುತ್ತಿದೆ ಎಂದರೆ ಬೈಕು ಏನನ್ನೋ ಹೇಳುತ್ತಿದೆ ಎಂದರ್ಥ. ಅದು ಯಾವ ಕ್ರಿಯಾಪದದಲ್ಲಿ ಹೇಳುತ್ತಿದೆ ಎಂಬುದನ್ನು ಕೇಳಿಸಿಕೊಳ್ಳದೆ ಪಾನಾ ಹಾಕುವವರ ಕೈಯಿಂದ ಪಾನಾ ಕಸಿದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅದು ಅವರ ಕೈಯಲ್ಲೇ ಇರಲಿ. ಮೊದಲು ಒಂದು ಪ್ರಶ್ನೆ ಕೇಳುವವರೆಗೆ ಬೋಲ್ಟಿಗೆ ಮುಟ್ಟದಿರಲಿ, ಅಷ್ಟೇ.